ಙ ಸಾಲಿನ ಮನೆ

ಮಂಗಳವಾರ, ಶುಕ್ರವಾರ.
ರಾಯಚೂರಿನ ಬಿಸಿಲು ಹಸಿರು ಪರದೆ ದಾಟಿ
ನಾಲ್ಕನೇ ಮಂಚದ ಕಾಲು ಮುಟ್ಟುವ ಹೊತ್ತಿಗೆ
ಸ್ಪಿರಿಟ್ಟಿನ ಹತ್ತಿಯಲ್ಲಿ ಕಾಯಿ ಒರೆಸುತ್ತಾ ಕೂತಿರುತ್ತೇನೆ.
ಮೂವತ್ತೆರಡು ಕಾಯಿ. ಮೂವತ್ತೊಂದು ಅನ್ನಿ.
ಕರಿ ಆನೆಯೊಂದು ಎಲ್ಲೋ ಕಳೆದು
ಅದರ ಮನೆಯಲ್ಲಿ ಈಗ
ಸೂಜಿಮದ್ದಿನ ಸೀಸೆಯ ನೀಲಿ ಮುಚ್ಚಳ.
ಸಿಸ್ಟರ್ ಸುಗಂಧಾ ಒಮ್ಮೆ ಅದನ್ನು ಕಸವೆಂದು ಎಸೆದರು.
ದೇವದುರ್ಗದ ಮೌನೇಶ ಆ ದಿನ ಊಟ ಬಿಟ್ಟ.

ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದೆ ಮೂವತ್ತು ವರ್ಷ.
ಶಕ್ತಿನಗರಕ್ಕೆ ಕಲ್ಲಿದ್ದಲು ಹೊತ್ತ ಗಾಡಿ
ಯಾವುದೋ ಲೂಪ್ ಲೈನಿನಲ್ಲಿ ತಾಸುಗಟ್ಟಲೆ ನಿಂತಾಗ
ಪೆಟ್ಟಿಗೆಯ ಮೇಲೆ ಹಲಗೆ ಹರವಿ
ನನಗೆ ನಾನೇ ಎದುರಾಳಿ.
ಕಾಯುವುದು ಗೊತ್ತು ನನಗೆ. ಈ ವಾರ್ಡಿಗೆ
ತಂದ ವಿದ್ಯೆ ಅದೊಂದೇ,
ಚದುರಂಗ ಅದರ ಮೇಲಿನ ಹೊದಿಕೆ.

ಮೊದಲ ವಾರವೇ ತಪ್ಪು ಮಾಡಿದೆ.
‘ಬಿಳಿ ಕಾಯಿ ನೀವು, ಕರಿ ಕಾಯಿ ಅಂದ್ರ ರೋಗ’ ಅಂದೆ.
ಮಸ್ಕಿಯ ಹುಲಿಗೆಮ್ಮ, ಒಂಬತ್ತು ವರ್ಷ,
ಬೋಳು ತಲೆಗೆ ಅಣ್ಣನ ಟೊಪ್ಪಿಗೆ,
ನನ್ನ ಮುಖವನ್ನೇ ನೋಡಿದಳು:
‘ಹಂಗಾರ ಕರಿ ಕಾಯಿ ಯಾರು ಆಡಬೇಕು, ತಾತ?’
ಹಲಗೆಯ ಸುತ್ತ ಯಾರೂ ಉಸಿರೆತ್ತಲಿಲ್ಲ.
ಅವತ್ತಿನಿಂದ ಕರಿದು ಬರೇ ಕರಿದು.
ಆಕೆ ಕೇಳಿ ಕೇಳಿ ಅದನ್ನೇ ತಗೊಳ್ಳುತ್ತಾಳೆ.

ಸಾಲಿ ತಪ್ಪಿಸಿಕೊಂಡ ಮಕ್ಕಳು.
ಹಲಗೆಯ ಅಂಚಿಗೆ ಖಡುವಿನಿಂದ ಬರೆದುಕೊಟ್ಟೆ:
ಕ ಖ ಗ ಘ ಙ ಚ ಛ ಜ.
ಕಮಲ, ಖಡ್ಗ, ಗಡಿಯಾರ, ಘಂಟೆ,
ಒಂದೊಂದಕ್ಕೆ ಒಂದೊಂದು ಚಿತ್ರ.
ಐದನೆಯದಕ್ಕೆ ಬಂದು ಮಾತು ನಿಂತಿತು.
‘ಇದರದು ಯಾವ ಚಿತ್ರ?’
ಇಲ್ಲವ್ವ. ಇದರಿಂದ ಶುರುವಾಗೋ ಶಬ್ದಾನೇ ಇಲ್ಲ.
ಪುಸ್ತಕದಾಗೂ ಖಾಲಿ ಚೌಕ.
‘ಮತ್ಯಾಕ ಇಟ್ಟಾರ?’
ನಾನು ತಡಕಾಡುವಷ್ಟರಲ್ಲಿ
ಮೌನೇಶ ಬೆರಳಿಟ್ಟು ತೋರಿಸಿದ:
ರಾಜ ನಿಂತದ್ದೇ ಅದರ ಮೇಲೆ.
ಇಬ್ಬರೂ ರಾಜರು, ಎದುರುಬದುರು,
ಯಾವ ಶಬ್ದಕ್ಕೂ ಬಾಗಿಲಾಗದ ಸಾಲಿನಲ್ಲಿ.

ಎರಡನೇ ಸುತ್ತಿನ ಔಷಧಿ ಇಳಿದ ಮೇಲೆ
ಬಿಳಿ ಕಣಗಳೂ ಇಳಿದವು.
ಹುಲಿಗೆಮ್ಮನನ್ನು ಗಾಜಿನ ಕೋಣೆಗೆ ಹಾಕಿದರು.
ಬಾಯಿತುಂಬ ಹುಣ್ಣು. ಗಂಜಿಯೂ ಉರಿ, ನೀರೂ ಉರಿ.
ಈಚೆಗೊಂದು ಹಲಗೆ, ಆಚೆಗೊಂದು,
ನಡುವೆ ಗೋಡೆಯ ಫೋನು.
‘ಬ್ಯಾಡ ಬಿಡವ್ವ ಇವತ್ತು, ಮಾತಾಡಾಕ ಆಗಂಗಿಲ್ಲ’ ಅಂದೆ.
ಆಕೆ ನನ್ನ ಪ್ಯಾದೆಯತ್ತ ಗದ್ದ ತೋರಿಸಿದಳು.
ನಡೆಸಿದೆ: ಙ, ನಾಲ್ಕು.
ಫೋನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡಳು.
ತುಟಿ ತೆರೆಯಲಿಲ್ಲ.
ಮೂಗಿನಿಂದ, ಗಂಟಲ ತಳದಿಂದ,
ಕೊಡದೊಳಗೆ ಸಿಕ್ಕ ಜೇನ್ನೊಣದ ಹಾಗೆ
ಙ
ಅಂದಳು. ಅಂದು
ಎಡಗೈಯ ಐದೂ ಬೆರಳು ಬಿಚ್ಚಿ
ಗಾಜಿಗೆ ಒತ್ತಿದಳು.

ನಾಲ್ಕು ದಿನ ಆ ಒಂದೇ ಅಕ್ಷರದಲ್ಲಿ ಆಡಿದಳು.
ಕುದುರೆ, ವಜೀರ ಅಲ್ಲಲ್ಲೇ ನಿಂತು ಬೇಸತ್ತವು.
ರಾಜನನ್ನೇ ಹೊರಡಿಸಿದಳು:
ಐದು ಬೆರಳು ಒಮ್ಮೆ, ಎರಡು ಬೆರಳು ಒಮ್ಮೆ,
ಙ, ಏಳು.
ಇಂಥ ಕೆಟ್ಟ ಆಟ ನಾನು ಎಲ್ಲೂ ಕಂಡಿಲ್ಲ.
ಒಂದು ನಡೆ ಬೇಕಂತಲೇ ತಪ್ಪಿದೆ. ಗಾಜು ಬಡಿದಳು.
ಕಣ್ಣಲ್ಲೇ ಬೈದಳು. ವಾಪಸ್ ತಗೊಂಡೆ.
ನ್ಯಾಯವಾಗಿ ಸೋಲಿಸಿದೆ.
ಎರಡನೇ ಆಟ ಹೂಡಿದೆವು.

ಈಗ ಊರಿಗೆ ಹೋಗಿದ್ದಾಳೆ.
ಅಕ್ಷರಮಾಲೆಯ ಖಾಲಿ ಚೌಕದಲ್ಲಿ
ನೀಲಿ ಪೆನ್ನಿನ ಒಬ್ಬ ರಾಜ,
ತಲೆಗೆ ಕಿರೀಟ ಇಲ್ಲ, ಟೊಪ್ಪಿಗೆ.
ಗಾಜಿನ ಕೋಣೆಯಲ್ಲಿ ಈಗ ಮೌನೇಶ, ಗೋಡೆಗೆ ಮುಖ ಮಾಡಿ ಮಲಗಿದ್ದಾನೆ.
ನೀಲಿ ಮುಚ್ಚಳ ಅವನ ದಿಂಬಿನ ಕೆಳಗೆ.
ಆಯಾ ಖಾಜಾಬೀ ಟೇಬಲ್ ಒರೆಸುತ್ತಾಳೆ,
ನಮ್ಮ ಅರೆ ಆಟದ ಕಾಯಿಗಳ ಸುತ್ತ
ಬಟ್ಟೆಯ ತುದಿಯಿಂದ, ಒಂದನ್ನೂ ಅಲುಗಿಸದೆ.

ಹದಿನೇಳಕ್ಕೆ ಬರಬೇಕು ಆಕೆ, ಮೂರನೇ ಸುತ್ತಿಗೆ.
ಮಸ್ಕಿಯಿಂದ ಬೆಳಗಿನ ಬಸ್ಸು, ಸೀಟು ಸಿಕ್ಕರೆ.
ಇವತ್ತು ಹದಿನೆಂಟು.
ನಡೆ ನನ್ನದು.